ಪಾರ್ಟಿ ಪುಸ್ತಕ: ನಮ್ಮ ಕಚೇರಿಯ ಒಳಜಗಳ ನಿಂತ ಬಗೆ

ದಾವಣಗೆರೆಯಲ್ಲಿ ನಿವೇಶನ ಕೊಡಿಸುವ ಕೆಲಸಕ್ಕೆ ಇಳಿದು ನನಗೆ 18 ವರ್ಷವಾಗುತ್ತ ಬಂತು. ಇಷ್ಟು ವರ್ಷಗಳಲ್ಲಿ ಕಳೆದುಕೊಂಡ ಹಣವನ್ನು ಲೆಕ್ಕ ಹಾಕಿದರೆ, ಕಾಗದಪತ್ರ ಸರಿಯಿಲ್ಲದ ಜಮೀನಿನಿಂದ ಆದದ್ದಕ್ಕಿಂತ ನಮ್ಮದೇ ಕಚೇರಿಯಲ್ಲಿ ಎದುರು ಕುಳಿತವರೊಂದಿಗೆ ಜಗಳವಾಡಿ ಕಳೆದದ್ದೇ ಹೆಚ್ಚು. ಮೂರು ವರ್ಷಗಳ ಹಿಂದೆ ನಾನು ಪಾರ್ಟಿ ಪುಸ್ತಕವೊಂದನ್ನು, ಅಂದರೆ ಯಾವ ಪಾರ್ಟಿಯನ್ನು (ನಿವೇಶನ ಕೊಳ್ಳಲು ಬರುವ ಗಿರಾಕಿಯನ್ನು) ಯಾರು ಕರೆತಂದರೆಂದು ಬರೆದಿಡುವ ಪುಸ್ತಕವನ್ನು, ಆರಂಭಿಸಿದಾಗ ನಮ್ಮ ಹಿರಿಯ ಪಾಲುದಾರರು, "ಬಾಯಿಮಾತಿನ ಮೇಲೆ ನಡೆಯೋ ವ್ಯವಹಾರಕ್ಕೆ ರಿಜಿಸ್ಟರ್ ಇಡ್ತೀಯೇನಪ್ಪಾ? ಆರು ತಿಂಗಳಲ್ಲಿ ಹುಡುಗ್ರೆಲ್ಲ ಬಿಟ್ಟು ಹೋಗ್ತಾರೆ ನೋಡು" ಎಂದಿದ್ದರು. ಅಂದು ಇದ್ದ ಆರು ಜನರಲ್ಲಿ ಐವರು ಇಂದಿಗೂ ಜೊತೆಗಿದ್ದಾರೆ. ಹೋದ ಒಬ್ಬರೂ ಜಗಳವಾಡಿ ಹೋದವರಲ್ಲ.

ಮೊದಲು ನನ್ನ ತಪ್ಪುಗಳನ್ನು ಹೇಳಬೇಕು. ಶಾಮನೂರು ರಸ್ತೆಯ ಕಡೆಯ 30×40 ನಿವೇಶನವೊಂದನ್ನು ಒಬ್ಬ ಪಾರ್ಟಿಗೆ ಎರಡು ತಿಂಗಳು ಸುತ್ತಾಡಿ ತೋರಿಸಿದ್ದೆ. ನಮ್ಮ ಕಚೇರಿಯವರೇ ಒಬ್ಬರು ಭಾನುವಾರ ನನಗೆ ತಿಳಿಸದೆ ಅವರನ್ನು ನೇರವಾಗಿ ಮಾಲೀಕರ ಮನೆಗೆ ಕರೆದೊಯ್ದು ಬಯಾನಾ (ಮುಂಗಡ ಹಣ) ಕೊಡಿಸಿಬಿಟ್ಟರು. ವ್ಯವಹಾರ ಸುಮಾರು 40 ಲಕ್ಷದ್ದು. ಎರಡೂ ಕಡೆಯಿಂದ ಬರಬೇಕಿದ್ದ ಕಮಿಷನ್ 80 ಸಾವಿರದ ಆಸುಪಾಸು. ಆ ಹಣ ಹೋದದ್ದು ದೊಡ್ಡ ಮಾತಲ್ಲ. ನಾನು ಆ ಪಾರ್ಟಿಯ ಎದುರಿಗೇ ಸಹೋದ್ಯೋಗಿಯ ಮೇಲೆ ಕೂಗಾಡಿದೆ. ಆ ಪಾರ್ಟಿಯವರು ಹರಿಹರದ ಅಕ್ಕಿ ಗಿರಣಿಯವರೊಬ್ಬರ ಬೀಗರು. ಮುಂದಿನ ಒಂದೇ ವರ್ಷದಲ್ಲಿ ಆ ಎರಡು ಕುಟುಂಬಗಳು ಮೂರು ನಿವೇಶನ ಖರೀದಿಸಿದವು. ಒಂದಕ್ಕೂ ನಮ್ಮನ್ನು ಕರೆಯಲಿಲ್ಲ. ಆ ಒಂದು ಕೂಗಾಟದ ಬೆಲೆ ಎರಡು ಲಕ್ಷಕ್ಕೆ ಕಡಿಮೆಯಿಲ್ಲ.

ಅದಾದ ಮೇಲೆ ಮೌನ ಹಿಡಿದೆ. ನಾಲ್ಕು ತಿಂಗಳು ಆ ಸಹೋದ್ಯೋಗಿಯೊಂದಿಗೆ ಮಾತು ಬಿಟ್ಟದ್ದರಿಂದ ಹದಡಿ ರಸ್ತೆಯ ಒಂದೇ ಜಾಗಕ್ಕೆ ನಾನೊಂದು ದರ, ಅವರೊಂದು ದರ ಹೇಳಿ, ಮಾಲೀಕರು ಎರಡನ್ನೂ ಕೇಳಿ ಚದರ ಅಡಿಗೆ 300 ರೂಪಾಯಿ ಏರಿಸಿದರು. ಕೊಳ್ಳುವವರು ಹಿಂದೆ ಸರಿದರು. ಆಮೇಲೆ ವಾಟ್ಸಾಪ್ ಗುಂಪು ಮಾಡಿ ಯಾರ ಪಾರ್ಟಿ ಯಾರೆಂದು ಅಲ್ಲಿಯೇ ಹಾಕಬೇಕೆಂದು ಗೊತ್ತುಮಾಡಿದೆ. ಹಾಕಿದ ಸಂದೇಶವನ್ನು ಎಲ್ಲರಿಗೂ ಅಳಿಸಿಹೋಗುವಂತೆ ಮಾಡಬಹುದಾದ್ದರಿಂದ ಅದು ಹೊಸ ಜಗಳಕ್ಕೇ ದಾರಿಯಾಯಿತು.

ಕೊನೆಗೆ ದಪ್ಪ ರಟ್ಟಿನ ಉದ್ದ ಪುಸ್ತಕವೊಂದನ್ನು ತಂದು ಗೆರೆ ಹಾಕಿದೆ. ಪಾರ್ಟಿಯ ಹೆಸರು, ಫೋನ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ಕರೆತಂದವರು, ದಿನಾಂಕ ಮತ್ತು ಗಂಟೆ, ತೋರಿಸಿದ ಜಾಗಗಳು, ಕಮಿಷನ್ನಿನಲ್ಲಿ ಯಾರಿಗೆಷ್ಟು ಪಾಲು, ಇಬ್ಬರ ಸಹಿ. ಜಾಗ ತೋರಿಸಲು ಗಾಡಿ ಹತ್ತುವ ಮೊದಲೇ ಪಾಲು ಬರೆದಿರಬೇಕು ಎಂಬುದೇ ಇದರ ಜೀವಾಳ, ಏಕೆಂದರೆ ಹಣ ಕಣ್ಣಿಗೆ ಕಾಣುವ ಮೊದಲು ಎಲ್ಲರೂ ನ್ಯಾಯವಂತರಾಗಿಯೇ ಇರುತ್ತಾರೆ, ನೋಂದಣಿಯ ದಿನ ಹತ್ತಿರವಾದಂತೆ ಪ್ರತಿಯೊಬ್ಬರಿಗೂ ತಾವು ಪಟ್ಟ ಕಷ್ಟವೇ ದೊಡ್ಡದಾಗಿ ಕಾಣತೊಡಗುತ್ತದೆ. ಪಾರ್ಟಿ ತಂದವರಿಗೆ ನೂರಕ್ಕೆ 50, ಜಾಗ ತಂದವರಿಗೆ 30, ಕಾಗದಪತ್ರ ನೋಡಿದವರಿಗೆ 20. ಅರವತ್ತು ದಿನ ಆ ಪಾರ್ಟಿ ಬರೆಸಿದವರದು. ಅನಂತರ ಯಾರು ಬೇಕಾದರೂ ಮಾತನಾಡಿಸಬಹುದು.

ಕಾಗದದ ಕೆಲಸಕ್ಕೆ 20 ಎಂದಾಗ ಹೆಚ್ಚಿನ ವಿರೋಧ ಬಂತು. ಪಹಣಿ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ, ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ನಕ್ಷೆ, ಇ-ಖಾತಾ ಎಂದು ಓಡಾಡುತ್ತಿದ್ದ ನಮ್ಮ ಹುಡುಗನಿಗೆ ಅದುವರೆಗೆ ಸಿಗುತ್ತಿದ್ದದ್ದು ಪೆಟ್ರೋಲ್ ಹಣ ಮಾತ್ರ. ಎಲ್ಲರೊಂದಿಗೂ ಸಿಡುಕುವವನು, ಬೇಕೆಂದೇ ತಡಮಾಡುವವನು ಎಂದು ನಾವೆಲ್ಲ ಅವನನ್ನು ದೂರುತ್ತಿದ್ದೆವು. ಪಾಲು ಕೊಡತೊಡಗಿದ ಎರಡನೆಯ ತಿಂಗಳಿಂದ ಅವನ ಸಿಡುಕು ಕಾಣಲಿಲ್ಲ. ಅವನಿಗೆ ಬುದ್ಧಿ ಹೇಳುವುದರಲ್ಲೇ ನಾನು ಹಾಳುಮಾಡಿದ ಎರಡು ವರ್ಷಗಳನ್ನು ನೆನೆದರೆ ಈಗಲೂ ನೋವಾಗುತ್ತದೆ.

ಇನ್ನೊಬ್ಬರ ಸಮಸ್ಯೆ ಬೇರೆ. ಅವರು ಮಾತು ಕೊಡುವುದರಲ್ಲಿ ಧಾರಾಳಿ. "ಹದಿನೈದು ದಿನಕ್ಕೆ ಇ-ಖಾತಾ ಕೈಗಿಡ್ತೀನಿ" ಎಂದು ಅವರು ಹೇಳಿದ್ದನ್ನು ನಂಬಿದ ಪಾರ್ಟಿಗೆ ನಾವು ಎರಡು ಲಕ್ಷ ಬಯಾನಾ ಹಿಂತಿರುಗಿಸಬೇಕಾಯಿತು. ಅವರು ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಎದುರು ಹೇಳುವುದು ಕಷ್ಟ. ಆದ್ದರಿಂದ ಪುಸ್ತಕದಲ್ಲಿ 'ಕೊಟ್ಟ ಮಾತು' ಎಂಬ ಅಂಕಣ ಸೇರಿಸಿ, "ಅಣ್ಣಾ, ನೀವೇ ನಿಮ್ಮ ಕೈಯಲ್ಲಿ ಬರೀರಿ, ನಾವು ಬರೆದರೆ ಹೆಚ್ಚುಕಡಿಮೆ ಆದೀತು" ಎಂದು ಪೆನ್ನು ಕೊಟ್ಟೆ. ಸ್ವಂತ ಕೈಬರಹದಲ್ಲಿ 15 ಎಂದು ಬರೆಯಲು ಹೋದ ಕೈ ತಡೆದು 45 ಎಂದು ಬರೆಯಿತು.

ಅವರೇ ಒಮ್ಮೆ, ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ) ನೋಂದಣಿಯಾಗದ ಬಡಾವಣೆಯೊಂದರ ಕರಪತ್ರ ಮುದ್ರಿಸಲು ಹೊರಟಿದ್ದರು. ನಾನು ವಾದ ಮಾಡಲಿಲ್ಲ. 2016ರ ರೇರಾ ಕಾಯಿದೆಯ 10ನೇ ಕಲಮಿನಂತೆ ಅಂಥ ಬಡಾವಣೆಯ ಮಾರಾಟಕ್ಕೆ ಏಜೆಂಟರು ನೆರವಾಗುವಂತಿಲ್ಲ. 62ನೇ ಕಲಮಿನಂತೆ ತಪ್ಪು ಮುಂದುವರಿದಷ್ಟು ದಿನ ದಿನಕ್ಕೆ 10,000 ರೂಪಾಯಿ ದಂಡ. ಆ ಎರಡು ಕಲಮುಗಳನ್ನು ಮುದ್ರಿಸಿ ಅವರ ಮೇಜಿನ ಮೇಲಿಟ್ಟು ಹೊರಗೆ ಹೋದೆ. ನಾನು ಹೇಳಿದ್ದರೆ ಅದು ಕಿರಿಯನ ಅಧಿಕಪ್ರಸಂಗವಾಗುತ್ತಿತ್ತು. ಕಾಗದ ಹೇಳಿದ್ದರಿಂದ ಅವರ ಮಾನವೂ ಉಳಿಯಿತು, ಕರಪತ್ರವೂ ನಿಂತಿತು.

ನಡುವೆ ಮಾಡಿದ ಎರಡು ಪ್ರಯೋಗಗಳನ್ನೂ ಹೇಳುತ್ತೇನೆ. ಯಾರ ಮೇಲೂ ದೂರು ಬಾರದ ತಿಂಗಳು ಎಲ್ಲರಿಗೂ ತಲಾ 2,000 ರೂಪಾಯಿ ಹೆಚ್ಚುವರಿ ಎಂದು ಪ್ರಕಟಿಸಿದ್ದೆ. ದೂರುಗಳು ಕಡಿಮೆಯಾಗಲಿಲ್ಲ, ಮುಚ್ಚಿಹೋದವು. ಮೂರು ತಿಂಗಳ ನಂತರ ಅವೆಲ್ಲ ಪಾರ್ಟಿಗಳ ಬಾಯಿಂದ ಒಮ್ಮೆಗೇ ಹೊರಬಂದವು. ಸುಮಾರು 36 ಸಾವಿರ ವ್ಯರ್ಥವಾಯಿತು. ಇನ್ನೊಂದು, ಮುನಿಸಿಕೊಂಡ ಇಬ್ಬರನ್ನು ಒಂದೇ ಕೆಲಸಕ್ಕೆ ಹರಿಹರದ ಉಪನೋಂದಣಿ ಕಚೇರಿಗೆ ಕಳುಹಿಸುವುದು. ಅಲ್ಲಿ ಕಾಯುವ ಹೊತ್ತು ಉದ್ದ, ಮಾತನಾಡದೆ ಬೇರೆ ದಾರಿಯಿಲ್ಲ. ಒಂದು ಜೋಡಿ ರಾಜಿಯಾಗಿ ಬಂದಿತು, ಇನ್ನೊಂದು ಬೇರೆ ಬೇರೆ ಬಸ್ಸಿನಲ್ಲಿ ಬಂದಿತು. ಅದನ್ನು ಬಿಟ್ಟೆ.

ಜಗಳ ಬಂದಾಗ ಸೋಮವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಪುಸ್ತಕ ತೆರೆದು, ಇಬ್ಬರಿಗೂ ನಾನು ಮೊದಲು ಕೇಳುವ ಪ್ರಶ್ನೆಯೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲೇ ಗೊತ್ತಿದ್ದರೆ ಅದಕ್ಕೆ ಸಿದ್ಧ ಉತ್ತರ ತರುತ್ತಾರೆ. ಹತ್ತರಲ್ಲಿ ಏಳೆಂಟು ತಕರಾರು ಆ ಪ್ರಶ್ನೆಗೇ ಮುಗಿದಿವೆ.

ಕಚೇರಿ ಬಿಟ್ಟವರಿಗೆ ಪುಸ್ತಕ ನೋಡಿ ಬಾಕಿ 37 ಸಾವಿರವನ್ನು ಅದೇ ದಿನ ಎಣಿಸಿ ಕೊಟ್ಟೆ. ಅವರು ಈಗ ಆವರಗೆರೆ ಕಡೆ ಸ್ವಂತ ಕಚೇರಿ ಮಾಡಿಕೊಂಡಿದ್ದು, ವರ್ಷಕ್ಕೆ ಮೂರು ನಾಲ್ಕು ಪಾರ್ಟಿಗಳನ್ನು ನಮಗೆ ಕಳುಹಿಸುತ್ತಾರೆ. ಪುಸ್ತಕಕ್ಕೆ ಮೊದಲಿನ ವರ್ಷ ನಾವು ಮುಗಿಸಿದ್ದು 14 ನೋಂದಣಿ ಇರಬಹುದು, ಕಳೆದ ವರ್ಷ 31. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಲೆಕ್ಕದ ಪುಸ್ತಕದ ಪಕ್ಕಕ್ಕೆ ಪಾರ್ಟಿ ಪುಸ್ತಕವನ್ನೂ ಇಟ್ಟು ಕುಂಕುಮ ಹಚ್ಚಿದವರು ಆ ಹಿರಿಯ ಪಾಲುದಾರರೇ.

ಹೊರಗಿನ ಏಜೆಂಟರೊಂದಿಗಿನ ತಕರಾರುಗಳಿಗೆ ಮಾತ್ರ ಇದು ಇನ್ನೂ ಒಗ್ಗಿಲ್ಲ. ಅವರು ಸಹಿ ಹಾಕಲು ಹಿಂಜರಿಯುತ್ತಾರೆ. ಆದರೂ ಕಳೆದ ತಿಂಗಳು ಹರಿಹರದ ಇಬ್ಬರು ಬಂದು ಮಾದರಿ ಪುಟ ಕೇಳಿದರು. ಒಂದು ಅಂಕಣ ಬಿಟ್ಟು ಉಳಿದದ್ದನ್ನೆಲ್ಲ ಬರೆದುಕೊಟ್ಟಿದ್ದೇನೆ. ಒಂದು ವರ್ಷ ನಡೆಸಿದ ಮೇಲೆ ಎಲ್ಲಿ ಸೋರುತ್ತಿದೆ ಎಂದು ಕೇಳಿಕೊಂಡು ಬಂದರೆ, ಅದನ್ನೂ ಕುಳಿತು ಹೇಳಿಕೊಡುವವನಿದ್ದೇನೆ.