ಸಮುದ್ರ ಹುಳಿಯಾಗುವುದನ್ನು ಅಳೆಯುವುದು ಹೇಗೆ, ಮುಂಗಾಣುವುದು ಹೇಗೆ?

ಎಲೆಗೆ ಹಚ್ಚುವ ಸುಣ್ಣವನ್ನು ಒಂದು ಲೋಟ ನೀರಿನಲ್ಲಿ ಕದಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡು, ಅದರ ಹತ್ತರಷ್ಟು ಫಿಲ್ಟರ್ ನೀರು ಬೆರೆಸಿ, ಸ್ಟ್ರಾ ಇಟ್ಟು ಊದಿ. ಹೀರಬೇಡಿ, ಸುಣ್ಣದ ನೀರು ಬಾಯಿ ಸುಡುತ್ತದೆ. ಸ್ವಲ್ಪ ಹೊತ್ತಿಗೆ ನೀರು ನೀರುಮಜ್ಜಿಗೆಯಂತೆ ಮಸುಕಾಗುತ್ತದೆ. ಹೈಸ್ಕೂಲಿನಲ್ಲಿ ಪ್ರಯೋಗ ಇಲ್ಲಿಗೇ ಮುಗಿಯುತ್ತಿತ್ತು. ನೀವು ನಿಲ್ಲಿಸಬೇಡಿ. ತಾಳ್ಮೆಯಿಂದ ಊದುತ್ತಲೇ ಇದ್ದರೆ ಆ ಮಸುಕು ಕರಗಿ ನೀರು ಮತ್ತೆ ತಿಳಿಯಾಗುತ್ತದೆ.

ಮಸುಕಾಗಿ ಕಂಡದ್ದು ಕ್ಯಾಲ್ಸಿಯಂ ಕಾರ್ಬೊನೇಟ್. ಮರುವಾಯಿ ಚಿಪ್ಪು ಕಟ್ಟಿಕೊಳ್ಳುವುದು, ಹವಳ ಗೂಡು ಕಟ್ಟುವುದು ಇದರಿಂದಲೇ. ಅದನ್ನು ಕರಗಿಸಿದ್ದು ನೀರಿನಲ್ಲಿ ಬೆರೆತು ಹುಳಿಯಾದ ನಿಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್. ನಾವು ಗಾಳಿಗೆ ಬಿಡುವ ಈ ಅನಿಲದಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತಿದೆ.

ಕೈಗಾರಿಕಾ ಯುಗಕ್ಕೆ ಮುಂಚೆ ಕಡಲ ಮೇಲ್ಪದರದ ಪಿಎಚ್ ಸರಾಸರಿ 8.2ರ ಆಸುಪಾಸಿನಲ್ಲಿತ್ತು, ಈಗ 8.1ಕ್ಕೆ ಇಳಿದಿದೆ. 7ಕ್ಕಿಂತ ಮೇಲಿರುವುದರಿಂದ ಸಮುದ್ರ ಇನ್ನೂ ಕ್ಷಾರವೇ. ಹುಳಿಯ ಕಡೆಗೆ ಸರಿಯುತ್ತಿದೆ. ಬರೀ 0.1 ತಾನೇ ಎನ್ನಬೇಡಿ. ಪಿಎಚ್ ಒಂದು ಅಂಕ ಇಳಿದರೆ ಹುಳಿತನ ಕೊಡುವ ಹೈಡ್ರೋಜನ್ ಅಯಾನು ಹತ್ತು ಪಟ್ಟಾಗುತ್ತದೆ, 0.1 ಇಳಿದರೆ ಶೇ 26ರಷ್ಟು ಹೆಚ್ಚುತ್ತದೆ.

ಹಂತ 1: ಒಂದೇ ಜಾಗ ಹಿಡಿಯಿರಿ

ಹವಾಯಿಯ ಒಅಹು ದ್ವೀಪದಿಂದ ಉತ್ತರಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ ಅಲೋಹಾ ಎಂಬ ನೆಲೆಯಿದೆ. ನೋಡಲು ಬರೀ ನೀರು. 1988ರಿಂದ ಹೆಚ್ಚುಕಡಿಮೆ ಪ್ರತಿ ತಿಂಗಳೂ ಹಡಗು ಅಲ್ಲಿಗೇ ಹೋಗಿ ನೀರು ತರುತ್ತಿದೆ. ಅಲ್ಲಿ ಪಿಎಚ್ ಇಳಿಯುತ್ತಿರುವುದು ವರ್ಷಕ್ಕೆ ಸುಮಾರು 0.002. ಋತುಮಾನದ ಏರಿಳಿತವೇ ಇದರ ಹಲವು ಪಟ್ಟು. ಹಾಗಾಗಿ ಎರಡು ಮೂರು ವರ್ಷ ಅಳೆದು ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಗೋವಾದ ಕ್ಯಾಂಡೋಲಿಂ ಎದುರಿನ ಕಡಲನ್ನು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ 1990ರ ದಶಕದಿಂದ ಗಮನಿಸುತ್ತ ಬಂದಿದೆ. ಮಳೆಗಾಲದಲ್ಲಿ ಈ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೇಳುತ್ತದೆ, ಅದರಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಮರುವಾಯಿ ಹೆಕ್ಕುವ ನಮ್ಮ ಅಳಿವೆಗಳಿಗೂ ಇಂಥ ದೀರ್ಘ ದಾಖಲೆ ಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹಂತ 2: ನೊರೆಯಿಲ್ಲದೆ ತುಂಬಿಸಿ

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಚಹಾ ಎತ್ತಿ ಹೊಯ್ಯುವುದಕ್ಕೆ ಇದು ಪೂರ್ತಿ ಉಲ್ಟಾ. ಗಾಜಿನ ಬಾಟಲಿಯ ತಳಕ್ಕೆ ಕೊಳವೆ ಮುಟ್ಟಿಸಿ ನಿಧಾನಕ್ಕೆ ನೀರು ಬಿಡಬೇಕು, ಒಂದು ಗುಳ್ಳೆಯೂ ಏಳಬಾರದು. ಬಾಟಲಿ ತುಂಬಿದ ಮೇಲೂ ಕನಿಷ್ಠ ಅರ್ಧ ಬಾಟಲಿಯಷ್ಟು ನೀರು ಹೊರಚೆಲ್ಲಲಿ, ಗಾಳಿ ಮುಟ್ಟಿದ ಮೊದಲ ನೀರು ಹೋಗಲಿ. ಆಮೇಲೆ ಬಾಯಿಯಲ್ಲಿ ಚೂರು ಜಾಗ ಬಿಟ್ಟು, ಒಂದೆರಡು ಹನಿ ಮರ್ಕ್ಯುರಿಕ್ ಕ್ಲೋರೈಡ್ ಹಾಕಿ, ಮುಚ್ಚಳಕ್ಕೆ ಗ್ರೀಸ್ ಸವರಿ ಬಿಗಿಯುತ್ತಾರೆ. ಅದು ಕಡುವಿಷ. ಅದಿಲ್ಲದಿದ್ದರೆ ಒಳಗಿನ ಸೂಕ್ಷ್ಮಜೀವಿಗಳು ಉಸಿರಾಡಿ ಲೆಕ್ಕವನ್ನೇ ಬದಲಿಸಿಬಿಡುತ್ತವೆ.

ಹಂತ 3: ಎರಡು ಅಳತೆ ತೆಗೆಯಿರಿ

ಅಕ್ವೇರಿಯಂ ಅಂಗಡಿಯ ಪಿಎಚ್ ಪಟ್ಟಿ ಇಲ್ಲಿ ಉಪಯೋಗಕ್ಕಿಲ್ಲ. ಒಂದು ವಾರದ ಬದಲಾವಣೆ ತಿಳಿಯಲು 0.02ರಷ್ಟು ನಿಖರತೆ ಸಾಕು, ಹವಾಗುಣದ ಬದಲಾವಣೆ ಹಿಡಿಯಲು 0.003 ಬೇಕು. ಅದಕ್ಕಾಗಿ ಮೆಟಾ-ಕ್ರೆಸಾಲ್ ಪರ್ಪಲ್ ಎಂಬ ಬಣ್ಣ ಬೆರೆಸಿ, ನೀರು ಹಳದಿಯತ್ತ ಎಷ್ಟು, ನೇರಳೆಯತ್ತ ಎಷ್ಟು ಎಂದು ಬೆಳಕು ಹಾಯಿಸಿ ನೋಡುತ್ತಾರೆ. ಉಪಕರಣ ಸರಿಯಿದೆಯೇ ಎಂದು ಪರೀಕ್ಷಿಸಲು ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಆ್ಯಂಡ್ರ್ಯೂ ಡಿಕ್ಸನ್ ಅವರ ಪ್ರಯೋಗಾಲಯ ಸಿದ್ಧಪಡಿಸಿದ, ಗೊತ್ತಿರುವ ಅಳತೆಯ ಸಮುದ್ರದ ನೀರನ್ನು ಜಗತ್ತಿನಾದ್ಯಂತ ಬಳಸುತ್ತ ಬಂದಿದ್ದಾರೆ.

ಪಿಎಚ್ ಒಂದೇ ಸಾಲದು. ಪಿಎಚ್, ಕರಗಿದ ಒಟ್ಟು ಇಂಗಾಲ, ಒಟ್ಟು ಕ್ಷಾರತೆ (ಹುಳಿಯನ್ನು ತಟಸ್ಥಗೊಳಿಸುವ ನೀರಿನ ಶಕ್ತಿ), ಇಂಗಾಲದ ಡೈಆಕ್ಸೈಡಿನ ಒತ್ತಡ ಎಂಬ ನಾಲ್ಕರಲ್ಲಿ ಯಾವುದಾದರೂ ಎರಡು ಸಿಕ್ಕಿದರೆ, ಉಷ್ಣತೆ ಮತ್ತು ಉಪ್ಪಿನಂಶ ಸೇರಿಸಿ ಉಳಿದೆರಡನ್ನು ಲೆಕ್ಕ ಹಾಕಬಹುದು. ಅದರಿಂದಲೇ ಅರಗೊನೈಟ್ ಪರ್ಯಾಪ್ತತೆಯೂ, ಅಂದರೆ ಅರಗೊನೈಟ್ ಎಂಬ ಬಗೆಯ ಕ್ಯಾಲ್ಸಿಯಂ ಕಾರ್ಬೊನೇಟ್ ಆ ನೀರಿನಲ್ಲಿ ಉಳಿಯುತ್ತದೋ ಕರಗುತ್ತದೋ ಎಂದು ಹೇಳುವ ಅಳತೆಯೂ, ಸಿಗುತ್ತದೆ. ಚಿಪ್ಪಿನ ಜೀವಿಗೆ ಬೇಕಾದ ಸಂಖ್ಯೆ ಇದು. 1ಕ್ಕಿಂತ ಕೆಳಗಿಳಿದರೆ, ಕಾಪು ಇಲ್ಲದ ಚಿಪ್ಪು ನಿಮ್ಮ ಲೋಟದ ಮಸುಕಿನಂತೆ ಕರಗತೊಡಗುತ್ತದೆ.

ಹಂತ 4: ಮುಂದಿನದನ್ನು ಕಾಣಿ

ಅಮೆರಿಕದ ಒರೆಗಾನ್‌ನಲ್ಲಿ ನೆಟಾರ್ಟ್ಸ್ ಕೊಲ್ಲಿಯ ದಡದಲ್ಲಿ ಸಿಂಪಿ ಮರಿ ಬೆಳೆಸುವ ಕೇಂದ್ರವೊಂದಿದೆ. 2007ರ ಹೊತ್ತಿಗೆ ಅಲ್ಲಿ ಮರಿಗಳು ರಾಶಿ ರಾಶಿ ಸಾಯತೊಡಗಿದವು. ರೋಗವಿರಬೇಕೆಂದು ಮೊದಲು ಹುಡುಕಿದರು. ಕೊನೆಗೆ ತಿಳಿದದ್ದೆಂದರೆ, ಬೇಸಿಗೆಯಲ್ಲಿ ಬಡಗಣ ಗಾಳಿ ಬೀಸಿದಾಗ ಆಳದ ತಣ್ಣೀರು ಮೇಲೆದ್ದು ಕೊಲ್ಲಿಗೆ ನುಗ್ಗುತ್ತದೆ, ಮರಿಗಳಿಗೆ ಮೊದಲ ಚಿಪ್ಪು ಕಟ್ಟಲಾಗುವುದಿಲ್ಲ. ಗುಟ್ಟು ತಿಳಿದ ಮೇಲೆ ಹುಳಿ ತಗ್ಗಿಸಲು ತೊಟ್ಟಿಗೆ ಸೋಡಾ ಬೂದಿ ಎಂಬ ಕ್ಷಾರ ಬೆರೆಸಿದರು. ಕಡಲಹುಲ್ಲು, ಪಾಚಿ ಹಗಲಿಡೀ ಇಂಗಾಲ ಹೀರಿ ಪಿಎಚ್ ಏರಿಸಿರುವ ಇಳಿಹೊತ್ತಿನಲ್ಲಿ ನೀರು ಎಳೆದುಕೊಂಡರು. ಈಗ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲೈವ್‌ಓಷನ್ ಮಾದರಿ ಆ ಕರಾವಳಿಗೆ ದಿನವೂ ಮೂರು ದಿನದ ಮುನ್ಸೂಚನೆ ಕೊಡುತ್ತದೆ.

ಶತಮಾನದ ಮುನ್ನೋಟಕ್ಕೆ ಗಾಳಿ ಮುಖ್ಯವಲ್ಲ, ನಮ್ಮ ಹೊಗೆ ಮುಖ್ಯ. ಹೊರಸೂಸುವಿಕೆಯನ್ನು ಬಿಗಿಯಾಗಿ ತಗ್ಗಿಸಿದರೆ 2006–2015ಕ್ಕೆ ಹೋಲಿಸಿ 2081–2100ರ ಹೊತ್ತಿಗೆ ಪಿಎಚ್ ಸುಮಾರು 0.04 ಇಳಿಯುತ್ತದೆ, ಹೀಗೇ ಏರುತ್ತ ಹೋದರೆ ಸುಮಾರು 0.29. ಎರಡನೆಯದರಲ್ಲಿ ಹೈಡ್ರೋಜನ್ ಅಯಾನು ಹತ್ತಿರಹತ್ತಿರ ಇಮ್ಮಡಿ.

ಇದರಲ್ಲಿ ಒಂದು ಪಾಲು ಈಗಾಗಲೇ ದಾರಿಯಲ್ಲಿದೆ. 2007ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಅಳೆದಾಗ, ಮೇಲೆದ್ದ ನೀರು ಕೊನೆಯ ಬಾರಿ ಗಾಳಿ ಮುಟ್ಟಿದ್ದು ಸುಮಾರು 50 ವರ್ಷ ಹಿಂದೆ ಎಂದು ತಿಳಿಯಿತು. ಆಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 315ರಷ್ಟಿತ್ತು, ಈಗ 420 ದಾಟಿದೆ. ಇಂದು ಮುಳುಗುತ್ತಿರುವ ನೀರು ಆ 420ನ್ನು ಹೊತ್ತುಕೊಂಡೇ ಮುಂದೊಂದು ಬೇಸಿಗೆ ಅದೇ ದಡದಲ್ಲಿ ಮೇಲೇಳುತ್ತದೆ.