ಮನೆಯಲ್ಲಿ ಸಾಬೂನು ತಯಾರಿಕೆ: ಯಾವುದನ್ನು ಮೊದಲು ಕೊಳ್ಳಬೇಕು?

ಮನೆಯಲ್ಲಿಯೇ ಸಾಬೂನು ತಯಾರಿಸಬೇಕೆಂದು ಹೊರಟವರಲ್ಲಿ ಅನೇಕರು ಬಣ್ಣ, ಸುಗಂಧ ಹಾಗೂ ಅಂದವಾದ ಅಚ್ಚುಗಳಿಂದ ಖರೀದಿಯನ್ನು ಆರಂಭಿಸುತ್ತಾರೆ. ಇವು ಯಾವುವೂ ಇಲ್ಲದೆ ಒಳ್ಳೆಯ ಸಾಬೂನು ತಯಾರಾಗುತ್ತದೆ. ನಂಬಬಹುದಾದ ತಕ್ಕಡಿ ಮತ್ತು ಕಣ್ಣಿಗೆ ರಕ್ಷಣೆ ಇಲ್ಲದೆ ಮಾತ್ರ ಈ ಕೆಲಸಕ್ಕೆ ಕೈ ಹಾಕಲಾಗದು. ಆದ್ದರಿಂದ, ಬೇಯಿಸದೆ ಮಾಡುವ ‘ಕೋಲ್ಡ್ ಪ್ರೋಸೆಸ್’ ವಿಧಾನಕ್ಕೆ ಬೇಕಾದ ಸಾಮಗ್ರಿಗಳನ್ನು ಇಲ್ಲಿ ಅಗತ್ಯದ ಕ್ರಮದಲ್ಲಿಯೇ ವಿವರಿಸಲಾಗಿದೆ.

ಎಣ್ಣೆಯೂ ಕ್ಷಾರವೂ ನಿರ್ದಿಷ್ಟ ಪ್ರಮಾಣದಲ್ಲಿ ಸೇರಿದಾಗ ಸಾಬೂನು ಉಂಟಾಗುತ್ತದೆ, ಮತ್ತು ಆ ಪ್ರಮಾಣ ಒಂದೊಂದು ಎಣ್ಣೆಗೂ ಬೇರೆ. 100 ಗ್ರಾಂ ತೆಂಗಿನೆಣ್ಣೆಗೆ ಸುಮಾರು 18 ಗ್ರಾಂ ಕಾಸ್ಟಿಕ್ ಸೋಡಾ ಎಂಬ ಕ್ಷಾರ ಬೇಕಾದರೆ, ಅಷ್ಟೇ ತೂಕದ ಆಲಿವ್ ಎಣ್ಣೆಗೆ ಸುಮಾರು 13.5 ಗ್ರಾಂ ಸಾಕು. ಕ್ಷಾರ ಹೆಚ್ಚಾದರೆ ಸಾಬೂನು ಚರ್ಮವನ್ನು ಸುಡುತ್ತದೆ, ತೀರಾ ಕಡಿಮೆಯಾದರೆ ಜಿಡ್ಡಾಗಿ ಉಳಿಯುತ್ತದೆ. ಲೋಟ, ಚಮಚೆಗಳ ಅಳತೆ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಕಾಸ್ಟಿಕ್ ಸೋಡಾ ಚಕ್ಕೆ, ಹರಳು, ಪುಡಿ ಹೀಗೆ ನಾನಾ ರೂಪಗಳಲ್ಲಿ ದೊರೆಯುವುದರಿಂದ ಒಂದೇ ಲೋಟದಲ್ಲಿ ಹಿಡಿಯುವ ತೂಕ ಬೇರೆ ಬೇರೆಯಾಗುತ್ತದೆ. ಅರ್ಧ ಕಿಲೋ ಎಣ್ಣೆಯಿಂದ ಆರಂಭಿಸುವವರಿಗೆ 1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಸಾಕಾಗುತ್ತದೆ. ಅದಕ್ಕಿಂತ ಚಿಕ್ಕ ಪ್ರಮಾಣದಲ್ಲಿ ಮಾಡುವವರಿಗೆ 0.1 ಗ್ರಾಂವರೆಗೆ ತೂಗುವಂಥದ್ದು ಬೇಕು.

ಇನ್ನು ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ಇದನ್ನು ಬಳಸದೆ ಎಣ್ಣೆಯಿಂದ ಗಟ್ಟಿ ಸಾಬೂನು ಮಾಡಬಹುದೆಂಬ ಮಾತನ್ನು ನಂಬಬೇಕಾಗಿಲ್ಲ. ಕ್ಷಾರವನ್ನು ಮುಟ್ಟಲು ಇಷ್ಟವಿಲ್ಲದವರು ಕೊಳ್ಳುವ, ಕರಗಿಸಿ ಅಚ್ಚಿಗೆ ಸುರಿಯುವ ಸಿದ್ಧ ಸಾಬೂನಾದ ‘ಸೋಪ್ ಬೇಸ್’ ಕೂಡ ಬೇರೊಬ್ಬರು ಕ್ಷಾರ ಬೆರೆಸಿಯೇ ತಯಾರಿಸಿದ್ದು. ಕೊಳ್ಳುವಾಗ ಪೊಟ್ಟಣದ ಮೇಲೆ ಶುದ್ಧತೆ ಶೇ 98 ಅಥವಾ ಅದಕ್ಕಿಂತ ಹೆಚ್ಚು ಎಂದಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಕಟ್ಟಿಕೊಂಡ ಕೊಳವೆಗಳನ್ನು ಸ್ವಚ್ಛಗೊಳಿಸಲು ಮಾರುವ ಪುಡಿಗಳಲ್ಲಿ ಅಲ್ಯೂಮಿನಿಯಂ ಚೂರುಗಳೋ ಇತರ ರಾಸಾಯನಿಕಗಳೋ ಬೆರೆತಿರಬಹುದಾದ್ದರಿಂದ ಅವು ಸಲ್ಲವು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೆಸರಿನಲ್ಲಿ ಹತ್ತಿರದ್ದಾದರೂ ದ್ರವ ಸಾಬೂನಿಗೆ ಬಳಕೆಯಾಗುವಂಥದ್ದು. ಒಂದರ ಬದಲು ಇನ್ನೊಂದನ್ನು ಅದೇ ತೂಕದಲ್ಲಿ ಹಾಕುವಂತಿಲ್ಲ. ಕಾಸ್ಟಿಕ್ ಸೋಡಾ ಗಾಳಿಯಲ್ಲಿನ ತೇವವನ್ನು ಬೇಗನೆ ಹೀರಿಕೊಂಡು ಶಕ್ತಿಗುಂದುವುದರಿಂದ ಅದನ್ನು ಬಿಗಿ ಮುಚ್ಚಳದ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಬೇಕು.

ಕಾಸ್ಟಿಕ್ ಸೋಡಾದ ಜೊತೆಗೇ ರಕ್ಷಣೆಯ ಸಾಮಗ್ರಿಯನ್ನೂ ತರಬೇಕು. ಅದನ್ನು ಮುಂದಿನ ಖರೀದಿಗೆ ಬಿಡುವುದು ಸರಿಯಲ್ಲ. ಕಣ್ಣಿನ ಸುತ್ತ ಪೂರ್ತಿ ಮುಚ್ಚಿಕೊಳ್ಳುವ ಸುರಕ್ಷಾ ಕನ್ನಡಕ, ನೈಟ್ರೈಲ್ ಅಥವಾ ರಬ್ಬರಿನ ಕೈಗವಸು, ತುಂಬು ತೋಳಿನ ಬಟ್ಟೆ, ಕಾಲು ಮುಚ್ಚುವ ಪಾದರಕ್ಷೆ ಇಷ್ಟು ಬೇಕೇ ಬೇಕು. ದಿನನಿತ್ಯ ಧರಿಸುವ ಕನ್ನಡಕಕ್ಕೆ ಪಕ್ಕದಿಂದ ಸಿಡಿಯುವ ಹನಿಯನ್ನು ತಡೆಯುವ ಸಾಮರ್ಥ್ಯವಿಲ್ಲ. ಚರ್ಮದ ಮೇಲೆ ಕ್ಷಾರ ಬಿದ್ದರೆ ವಿನಿಗರ್ ಹಚ್ಚಬೇಕೆಂಬ ಸಲಹೆ ವ್ಯಾಪಕವಾಗಿದ್ದರೂ ಅದನ್ನು ಪಾಲಿಸಬಾರದು. ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯುವುದೇ ಸರಿಯಾದ ಕ್ರಮ. ಕಣ್ಣಿಗೆ ಬಿದ್ದರೆ ಹಾಗೆ ತೊಳೆದ ಕೂಡಲೇ ವೈದ್ಯರ ಬಳಿಗೆ ಹೋಗಬೇಕು.

ಪಾತ್ರೆಗಳ ಆಯ್ಕೆಯಲ್ಲಿ ಮುಖ್ಯ ನಿಯಮವೊಂದಿದೆ: ಅಲ್ಯೂಮಿನಿಯಂ ಹತ್ತಿರ ಸುಳಿಯಬಾರದು. ಕ್ಷಾರವು ಅದನ್ನು ತಿಂದುಹಾಕುವುದಲ್ಲದೆ, ಆ ಕ್ರಿಯೆಯಲ್ಲಿ ಹೊತ್ತಿಕೊಳ್ಳಬಲ್ಲ ಹೈಡ್ರೋಜನ್ ಅನಿಲ ಹೊರಬೀಳುತ್ತದೆ. ಎಣ್ಣೆಗೆ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಯೂ, ಕ್ಷಾರದ ದ್ರಾವಣಕ್ಕೆ ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿಯಿರುವ ಪಾಲಿಪ್ರೊಪಿಲೀನ್ ಜಗ್ಗೂ ಸೂಕ್ತ. ದ್ರಾವಣದ ಬಿಸಿ ತಾನಾಗಿಯೇ 80 ಡಿಗ್ರಿ ಸೆಲ್ಸಿಯಸ್ ದಾಟಬಹುದಾದ್ದರಿಂದ ತೆಳುವಾದ ಪ್ಲಾಸ್ಟಿಕ್ ಬೇಡ. ಗಾಜು ಗಟ್ಟಿಯೆಂದು ತೋರಿದರೂ ಕ್ಷಾರದಿಂದ ನಿಧಾನವಾಗಿ ಸವೆದು ಒಂದು ದಿನ ಹಠಾತ್ತನೆ ಬಿರಿಯಬಹುದು. ಕಲಕಲು ಸಿಲಿಕೋನ್ ಸೌಟು ಸಾಕು. ಮರದ ಸೌಟು ಬಹುಕಾಲ ಬಾಳದು. ಈ ಪಾತ್ರೆಗಳನ್ನು ಮತ್ತೆ ಅಡುಗೆಗೆ ಬಳಸದೆ ಪ್ರತ್ಯೇಕವಾಗಿಡುವುದು ಉತ್ತಮ.

ಎಣ್ಣೆಗಳಲ್ಲಿ ತೆಂಗಿನೆಣ್ಣೆ ಗಟ್ಟಿತನವನ್ನೂ ನೊರೆಯನ್ನೂ, ಆಲಿವ್ ಎಣ್ಣೆ ಮೃದುತ್ವವನ್ನೂ ಕೊಡುತ್ತದೆ. ಹರಳೆಣ್ಣೆ ಆ ನೊರೆ ಬೇಗ ಕರಗದಂತೆ ಹಿಡಿದಿಡುತ್ತದೆ. ಮೊದಲ ಪ್ರಯತ್ನಕ್ಕೆ 300 ಗ್ರಾಂ ಆಲಿವ್ ಎಣ್ಣೆ, 150 ಗ್ರಾಂ ತೆಂಗಿನೆಣ್ಣೆ, 50 ಗ್ರಾಂ ಹರಳೆಣ್ಣೆ, 70 ಗ್ರಾಂ ಕಾಸ್ಟಿಕ್ ಸೋಡಾ ಮತ್ತು 140 ಗ್ರಾಂ ಭಟ್ಟಿ ಇಳಿಸಿದ ನೀರು ಎಂಬ ಲೆಕ್ಕದಲ್ಲಿ ಸಾಮಗ್ರಿ ಹೊಂದಿಸಿಕೊಳ್ಳಬಹುದು. ಇದರಲ್ಲಿ ಶೇ 5ಕ್ಕೂ ಸ್ವಲ್ಪ ಹೆಚ್ಚು ಎಣ್ಣೆ ಸಾಬೂನಾಗದೆ ಉಳಿದು ಚರ್ಮಕ್ಕೆ ಹಿತವಾಗುತ್ತದೆ. ಒಂದು ಎಣ್ಣೆಯನ್ನು ಬದಲಿಸಿದರೂ ಕ್ಷಾರದ ಲೆಕ್ಕವನ್ನು ಹೊಸದಾಗಿ ಮಾಡಲೇಬೇಕು. ಕರಗಿಸುವಾಗ ಕಾಸ್ಟಿಕ್ ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು, ಅದರ ಮೇಲೆ ನೀರು ಸುರಿಯಬಾರದು. ಸುರಿದರೆ ಕುದಿದು ಸಿಡಿಯುತ್ತದೆ.

ಕೈಯಿಂದ ಕಲಕಿದರೆ ಮಿಶ್ರಣ ದಪ್ಪವಾಗಲು ತುಂಬಾ ಹೊತ್ತು ಹಿಡಿಯುವುದರಿಂದ ಹ್ಯಾಂಡ್ ಬ್ಲೆಂಡರ್ ಒಂದಿದ್ದರೆ ಅನುಕೂಲ, ಆದರೆ ಅದರ ಅಲಗಿನ ಭಾಗವೂ ಸ್ಟೀಲಿನದ್ದಾಗಿರಬೇಕು. ಒಂದು ಉಷ್ಣಮಾಪಕವನ್ನೂ ಜೊತೆಗಿಟ್ಟುಕೊಳ್ಳಬಹುದು. ಅಚ್ಚಿಗಾಗಿ ಖರ್ಚು ಮಾಡಬೇಕಾದ ಅಗತ್ಯವೇ ಇಲ್ಲ; ಮುಕ್ಕಾಲು ಲೀಟರ್‌ನಷ್ಟು ಹಿಡಿಯುವ ಯಾವುದೇ ರಟ್ಟಿನ ಡಬ್ಬಿಗೆ ಬೇಕಿಂಗ್ ಪೇಪರ್ ಹಾಸಿದರೆ ಮೇಲಿನ ಅಳತೆಗೆ ಸರಿಹೋಗುತ್ತದೆ.

ಸುಗಂಧ ತೈಲಗಳ ವಿಷಯ ಕೊನೆಗಿರಲಿ. ಕೆಲವು ತೈಲಗಳು ಮಿಶ್ರಣವನ್ನು ನಿಮಿಷದೊಳಗೆ ಗಟ್ಟಿಯಾಗಿಸಿ ಅಚ್ಚಿಗೆ ಸುರಿಯಲೂ ಬಿಡುವುದಿಲ್ಲ, ವೆನಿಲಾ ಪರಿಮಳ ಸಾಬೂನನ್ನು ಕಂದಾಗಿಸುತ್ತದೆ, ತಿನಿಸುಗಳಿಗೆ ಬಳಸುವ ಬಣ್ಣಗಳು ಕ್ಷಾರದಲ್ಲಿ ಮಾಸುತ್ತವೆ. ಈ ತೊಡಕುಗಳಿಲ್ಲದ ಸರಳ ಸಾಬೂನನ್ನು ಒಂದೆರಡು ಬಾರಿ ಮಾಡಿ ಮಿಶ್ರಣದ ಹದ ಕೈಗೆ ಸಿಕ್ಕ ಬಳಿಕ ಇವುಗಳನ್ನು ಕೊಂಡರೆ ಸಾಕು. ಅದಕ್ಕಿಂತ ಮೊದಲೇ ಒದಗಿಸಿಕೊಳ್ಳಬೇಕಾದದ್ದು ಜಾಗ: ಕತ್ತರಿಸಿದ ಬಿಲ್ಲೆಗಳು 4ರಿಂದ 6 ವಾರ ಒಣಗಬೇಕಾದ್ದರಿಂದ, ಬಿಸಿಲು ತಾಗದೆ ಗಾಳಿಯಾಡುವ, ಬಿಲ್ಲೆಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಬಹುದಾದ ಹಲಗೆಯೊಂದನ್ನು ತೆರವು ಮಾಡಿಟ್ಟುಕೊಳ್ಳಬೇಕು.