ತಾರಸಿ ಮೇಲಿರೋ ಹುಡುಗನ ಕೈಗೆ ಒಗ್ಗುವ ಸಾಫ್ಟ್‌ವೇರ್

ತುಮಕೂರಿನಲ್ಲಿ ನಮ್ಮದು ಮನೆಗಳ ತಾರಸಿ ಮೇಲೆ ಸೋಲಾರ್ ಹಾಕಿಕೊಡುವ ಕೆಲಸ. ಆಫೀಸಿನಲ್ಲಿ ಇಬ್ಬರು, ಉಳಿದ ಆರು ಜನ ಸೈಟಿನಲ್ಲಿ. ಒಂದು ದಿನ ಗುಬ್ಬಿ, ಇನ್ನೊಂದು ದಿನ ಶಿರಾ, ಮಧುಗಿರಿ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತು. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಅಂದ ಮೇಲೆ ವಿಚಾರಿಸುವವರು ಜಾಸ್ತಿಯಾದರು. ಯಾವ ಮನೆ ಕೆಲಸ ಎಲ್ಲಿಗೆ ಬಂತು ಅನ್ನೋದಕ್ಕೆ ಆಗ ನಮಗಿದ್ದ ದಾಖಲೆ ವಾಟ್ಸಾಪ್ ಗ್ರೂಪ್ ಒಂದೇ. ಬೆಳಿಗ್ಗೆ ಹಾಕಿದ ಫೋಟೊ ಸಂಜೆ ಹುಡುಕಿದರೆ ಸಿಗುತ್ತಿರಲಿಲ್ಲ.

ಇದಕ್ಕೊಂದು ಸಾಫ್ಟ್‌ವೇರ್ ಬೇಕು ಅನ್ನಿಸಿತು. ಅದನ್ನು ನೋಡೋ ಮುಂಚೆ ಹಳೇ ಫೈಲುಗಳನ್ನು ತೆಗೆದು ಕೂತೆ. ಪ್ರತಿ ಮನೆಯ ಕೆಲಸ ಎಲ್ಲಿ ನಿಂತಿತ್ತು ಅಂತ ಬರೆದುಕೊಂಡೆ. ಸ್ಟ್ರಕ್ಚರ್ ನಿಲ್ಲಿಸೋದು, ಪ್ಯಾನೆಲ್ ಕೂರಿಸೋದು, ವೈರಿಂಗ್, ಇವೆಲ್ಲ ಎರಡು ಮೂರು ದಿನದ ಕೆಲಸ. ಉಳಿದ ದಿನವೆಲ್ಲ ಕಾಯೋದರಲ್ಲೇ ಹೋಗಿತ್ತು. ಕರೆಂಟ್ ಬಿಲ್ ಇನ್ನೂ ತಾತನ ಹೆಸರಿನಲ್ಲಿರುತ್ತೆ, ಮೊದಲು ಅದು ಬದಲಾಗಬೇಕು. ಬ್ಯಾಂಕಿನಲ್ಲಿ ಸಾಲ ಮಂಜೂರಾಗಬೇಕು. ಬೆಸ್ಕಾಂನವರ ಪರಿಶೀಲನೆ ಮುಗಿದು, ಹೋದ ಕರೆಂಟು ಬಂದ ಕರೆಂಟು ಎರಡನ್ನೂ ಲೆಕ್ಕ ಹಿಡಿಯುವ ಮೀಟರ್ ಕೂರಬೇಕು. ನಮಗೆ ತಿಳಿಯಬೇಕಿದ್ದದ್ದು ಇಷ್ಟೇ: ಯಾವ ಮನೆ ಯಾವುದಕ್ಕೆ ಕಾಯುತ್ತಿದೆ, ಎಷ್ಟು ದಿನದಿಂದ?

ಇದು ಗೊತ್ತಾದ ಮೇಲೆ ಅರ್ಧ ಆಯ್ಕೆ ತಾನಾಗೇ ಮುಗಿಯಿತು. ಗ್ಯಾಂಟ್ ಚಾರ್ಟ್ (ಯಾವ ಕೆಲಸ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಅಂತ ಗೆರೆ ಎಳೆದು ತೋರಿಸೋ ನಕ್ಷೆ) ನಂಬಿಕೊಂಡ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಂಥದ್ದನ್ನು ಬಿಟ್ಟೆ. ಯಾವ ಕೆಲಸ ಎಷ್ಟು ದಿನ ಹಿಡಿಯುತ್ತೆ ಅಂತ ಮೊದಲೇ ಅಂದಾಜಿರುವ ಕಡೆ, ಅಂದರೆ ದೊಡ್ಡ ಕಟ್ಟಡ, ಸೇತುವೆ ಕೆಲಸಕ್ಕೆ ಅದು ಬಹಳ ಉಪಯೋಗ. ಸಾಲ ಯಾವತ್ತು ಮಂಜೂರಾಗುತ್ತೆ ಅಂತ ಗೊತ್ತಿಲ್ಲದ ನಮಗೆ ದಿನಾ ತಾರೀಕು ತಿದ್ದೋದೇ ಕೆಲಸವಾಗುತ್ತೆ. ಬೆಂಗಳೂರಿನ ಗೆಳೆಯರು ಜಿರಾ ಹೇಳಿದರು. ಅದು 2002ರಲ್ಲಿ ಸಾಫ್ಟ್‌ವೇರ್ ದೋಷಗಳ ಲೆಕ್ಕ ಇಡೋಕೆ ಅಂತಲೇ ಬಂದದ್ದು, ಅವರ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನಮಗೆ ಹೊಂದಿದ್ದು ಕಾನ್ಬಾನ್ ಬೋರ್ಡ್. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ಚೀಟಿಗಳಿಂದ ಶುರುವಾದ ಪದ್ಧತಿ ಅದು. ಈಗಿನ ಆಪ್‌ಗಳಲ್ಲಿ ಒಂದೊಂದು ಹಂತಕ್ಕೆ ಒಂದು ಕಾಲಂ, ಒಂದೊಂದು ಮನೆಗೆ ಒಂದು ಕಾರ್ಡ್.

ಇಂಥ ಬೋರ್ಡ್ ಇರೋ ಟ್ರೆಲ್ಲೊ, ಜೋಹೊ ಪ್ರಾಜೆಕ್ಟ್ಸ್ ಎರಡೂ ಆಪ್‌ಗಳನ್ನು ಫೋನಿಗೆ ಹಾಕಿಕೊಂಡು ನೇರ ಸೈಟಿಗೆ ಹೋದೆ. ಆಫೀಸಿನಲ್ಲಿ ಕೂತು ಡೆಮೊ ನೋಡಿ ತೀರ್ಮಾನ ಮಾಡಲೇಬೇಡಿ. ಇದನ್ನು ದಿನಾ ತುಂಬಬೇಕಾದವನು ಬಿಸಿಲಿನಲ್ಲಿ ನಿಂತಿರುತ್ತಾನೆ, ಕೈಯೆಲ್ಲ ಮಣ್ಣಾಗಿರುತ್ತೆ, ಫೋನಿನ ಸ್ಕ್ರೀನ್ ಸರಿಯಾಗಿ ಕಾಣಲ್ಲ.

ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸೋ ಕೆಲಸವನ್ನೇ ಪರೀಕ್ಷೆಗೆ ಇಟ್ಟೆ. ತಾರಸಿ ಸೋಲಾರ್‌ಗೆ ನಾವು ಮೂರು ಗುಂಡಿ ತೆಗೀತೀವಿ. ಪ್ಯಾನೆಲ್ ಕಡೆಯ ಡಿಸಿ ಕರೆಂಟಿಗೆ ಒಂದು, ಮನೆ ಕಡೆಯ ಎಸಿ ಕರೆಂಟಿಗೆ ಒಂದು, ಸಿಡಿಲು ತಡೆಯೋ ಅರೆಸ್ಟರ್‌ಗೆ ಒಂದು. ಮಣ್ಣು ಮುಚ್ಚಿದ ಮೇಲೆ ಒಳಗೆ ಏನು ಹಾಕಿದ್ದಾರೆ ಅಂತ ಯಾರಿಗೂ ಕಾಣಲ್ಲ. ಹಾಗಾಗಿ ಚೆಕ್‌ಲಿಸ್ಟಿನಲ್ಲಿ ‘ಗುಂಡಿ ಮುಚ್ಚೋ ಮುಂಚೆ ಫೋಟೊ’ ಅಂತ ಕನ್ನಡದಲ್ಲೇ ಬರೆದೆ. ಅದರ ಕೆಳಗೆ ‘ಪ್ಯಾನೆಲ್ ಕೂರಿಸೋ ಮುಂಚೆ ಹಿಂದಿನ ಸ್ಟಿಕ್ಕರ್ ಫೋಟೊ’. ಸೀರಿಯಲ್ ನಂಬರ್ ಇರೋದು ಅಲ್ಲೇ. ಕೂರಿಸಿದ ಮೇಲೆ ಅದನ್ನು ಓದೋಕೆ ಕೆಳಗೆ ನುಸುಳಬೇಕು.

ನಮ್ಮ ವೈರಿಂಗ್ ಹುಡುಗ ಟ್ರೆಲ್ಲೊದಲ್ಲಿ ಕಾರ್ಡ್ ತೆಗೆದ, ಗುಂಡಿ ಫೋಟೊ ಹಾಕಿದ, ಟಿಕ್ ಮಾಡಿದ.

“ಇಷ್ಟೇನಾ ಅಣ್ಣಾ?” ಅಂದ.

“ಇಷ್ಟೇ ಕಣಪ್ಪ, ಮರೀದೆ ಮಾಡು,” ಅಂದೆ.

ಜೋಹೊದಲ್ಲಿ ಟೈಂಶೀಟ್, ಗ್ಯಾಂಟ್ ಚಾರ್ಟ್ ಅಂತ ಸೌಲಭ್ಯ ಜಾಸ್ತಿ. ಆಫೀಸಿನಲ್ಲಿ ಕೂರೋ ನಮ್ಮಿಬ್ಬರಿಗೆ ಹಿಡಿಸಿತ್ತು ಕೂಡ. ಸೈಟಿನವರಿಗೆ ಅಷ್ಟೆಲ್ಲ ಬೇಕಿರಲಿಲ್ಲ. ಅವರು ತುಂಬದಿದ್ದರೆ ನಾವು ನೋಡೋಕೆ ಏನಿರುತ್ತೆ? ಟ್ರೆಲ್ಲೊನೇ ಇಟ್ಟುಕೊಂಡೆವು.

ಒಪ್ಪಿಕೊಳ್ಳೋ ಮುಂಚೆ ಕೆಲವು ವಿಷಯ ಖಾತ್ರಿ ಮಾಡಿಕೊಂಡೆ. ಉಚಿತ ಪ್ಲಾನಿನಲ್ಲಿ ಒಂದು ವರ್ಕ್‌ಸ್ಪೇಸಿಗೆ, ಅಂದರೆ ಒಂದು ತಂಡದ ಬೋರ್ಡುಗಳಿರೋ ಜಾಗಕ್ಕೆ, 10 ಜನರ ಮಿತಿ ಇದೆ, ಎಂಟು ಜನಕ್ಕೆ ಸಾಕು. ಒಂದು ಫೈಲು 10 ಎಂಬಿ ದಾಟಬಾರದು. ಫೋಟೊಗೆ ತೊಂದರೆಯಿಲ್ಲ, ವಿಡಿಯೊಗೆ ಕಷ್ಟ. ಈ ಮಿತಿಗಳು ಬದಲಾಗುತ್ತಿರುತ್ತವೆ, ನೀವು ಸೇರೋ ದಿನ ನೋಡಿಕೊಳ್ಳಿ. ಸಿಗ್ನಲ್ ಇಲ್ಲದ ಹಳ್ಳಿಯಲ್ಲಿ ಹಾಕಿದ್ದು ನೆಟ್‌ವರ್ಕ್ ಬಂದ ಮೇಲೆ ತಾನೇ ಸೇರಿಕೊಳ್ಳುತ್ತೆ. ನಮ್ಮಂಥ ತಂಡಕ್ಕೆ ಇದು ಇಲ್ಲದಿದ್ದರೆ ಬೇರೆ ಏನಿದ್ದೂ ಪ್ರಯೋಜನವಿಲ್ಲ. ಬಿಟ್ಟು ಹೋಗಬೇಕಾದರೆ ನಮ್ಮ ಮಾಹಿತಿ ಹೊರಗೆ ಬರುತ್ತಾ ಅಂತಲೂ ಕೇಳಿಕೊಳ್ಳಿ. ಉಚಿತ ಪ್ಲಾನಿನಲ್ಲಿ ಜೇಸನ್ (JSON) ಅನ್ನೋ, ಪ್ರೋಗ್ರಾಂಗಳು ಓದೋ ರೂಪದ ಫೈಲಾಗಿ ಸಿಗುತ್ತೆ. ಎಕ್ಸೆಲ್‌ನಲ್ಲಿ ಸುಲಭವಾಗಿ ತೆರೆಯೋ ಸಿಎಸ್‌ವಿ ಬೇಕಂದರೆ ದುಡ್ಡು ಕೊಡಬೇಕು.

ವಾಟ್ಸಾಪ್ ಬಿಡಿಸೋಕೆ ಹೋಗಲಿಲ್ಲ. ಮಾತೆಲ್ಲ ಅಲ್ಲೇ ಆಡಲಿ. ಕೆಲಸ ಎಲ್ಲಿಗೆ ಬಂತು ಅನ್ನೋದು ಮಾತ್ರ ಬೋರ್ಡಿಗೆ ಬರಬೇಕು ಅಂತ ಒಂದೇ ನಿಯಮ ಮಾಡಿದೆವು. ಸೋಮವಾರ ಬೆಳಿಗ್ಗೆ ‘ಬ್ಯಾಂಕ್’, ‘ಹೆಸರು ಬದಲಾವಣೆ’, ‘ಮೀಟರ್’ ಈ ಮೂರು ಕಾಲಂ ನೋಡುತ್ತೇವೆ. ಎಲ್ಲಕ್ಕಿಂತ ಹಳೇ ಕಾರ್ಡಿನವರಿಗೆ ಮೊದಲ ಫೋನು. “ಸಾರ್, ನಮ್ಮದು ಎಲ್ಲಿಗೆ ಬಂತು?” ಅಂತ ಯಾರಾದರೂ ಕೇಳಿದರೆ ಫೋನ್ ಇಡೋದರೊಳಗೆ ಉತ್ತರ ಸಿಗುತ್ತೆ.

ಗೋಡೌನಿನಲ್ಲಿ ಎಷ್ಟು ಕೇಬಲ್, ಎಷ್ಟು ಕ್ಲಾಂಪ್ ಉಳಿದಿದೆ ಅನ್ನೋ ಲೆಕ್ಕಕ್ಕೆ ಈ ಬೋರ್ಡ್ ಆಗಿಬರಲ್ಲ. ಅದನ್ನು ಗೂಗಲ್ ಶೀಟ್‌ನಲ್ಲೇ ಇಟ್ಟಿದ್ದೇವೆ. ಬಿಲ್ಲು ಟ್ಯಾಲಿಯಲ್ಲೇ ಇದೆ.